ನನ್ನದೇ ಕೈಯಿಂದ ಬಂದ ಸಂದೇಶ

ದೆವ್ವ, ಪೀಡೆ, ಶಕುನ ಎಂದವರ ಎದುರಿಗೇ ನಕ್ಕುಬಿಡುತ್ತಿದ್ದವನು ನಾನು. ಗಣಿಯೊಳಗೆ ಸತ್ತವರು ಇವತ್ತಿಗೂ ಬಂಡೆ ಕುಟ್ಟುವ ಸದ್ದು ಕೇಳಿಸುತ್ತದೆ ಎಂದು ನಂದಿದುರ್ಗ ಗಣಿಯ ಕೂಲಿ ಲೈನುಗಳಲ್ಲಿ, ಅಂದರೆ ಕೂಲಿಗಳ ಸಾಲುಮನೆಗಳಲ್ಲಿ, ಹೇಳಿಕೊಳ್ಳುತ್ತಿದ್ದರು. ಕುಟ್ಟುತ್ತಿರುವುದು ನಿಮ್ಮ ಹೊಟ್ಟೆಯೊಳಗಿನ ಸಾರಾಯಿ ಇರಬೇಕು ಎಂದು ನಾನು ಛೇಡಿಸುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಬೇಡುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ, ನಂಬಿದರೂ ನೀವು ನನಗೆ ಏನೂ ಮಾಡಿಕೊಡಲಾರಿರಿ. ನಡೆದದ್ದನ್ನು ನಡೆದ ಹಾಗೆ ಒಮ್ಮೆಯಾದರೂ ಬರೆದಿಡಬೇಕು, ಅಷ್ಟೆ. ಏಕೆಂದರೆ ಬರೆಯಬೇಕಾದ ಜಾಗದಲ್ಲಿ ಬರೆದದ್ದನ್ನು ನಾನೇ ಹೊಡೆದುಹಾಕಿದೆ.

ಪಾಕಿಸ್ತಾನದ ಜೊತೆ ಯುದ್ಧ ನಡೆದ ಅರವತ್ತೈದನೆಯ ಇಸವಿ. ನಾನು ಕೆ.ಜಿ.ಎಫ್‌ನಲ್ಲಿ ಪೊಲೀಸ್ ವೈರ್‌ಲೆಸ್ ಆಪರೇಟರ್ ಆಗಿದ್ದೆ. ಆಗಿನ ವೈರ್‌ಲೆಸ್ ಎಂದರೆ ಮೈಕು ಹಿಡಿದು ಮಾತನಾಡುವುದಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೇಜಿನ ಮೇಲಿನ ಸಣ್ಣ ಕೀಯನ್ನು ಬೆರಳಿನಿಂದ ಕುಟ್ಟಿ, ಗಿಡ್ಡ ಸದ್ದು ಉದ್ದ ಸದ್ದುಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಕಳಿಸಬೇಕಿತ್ತು. ಈ ಕೆಲಸದಲ್ಲಿ ಪಳಗಿದವರಿಗೆ ಗೊತ್ತು, ಒಬ್ಬೊಬ್ಬರ ಕೈ ಒಂದೊಂದು ಥರ. ದನಿ ಕೇಳಿ ಆಳನ್ನು ಗುರುತಿಸಿದ ಹಾಗೆ ಕುಟ್ಟುವ ಬಗೆ ಕೇಳಿಯೇ ಇಂಥವನು ಎಂದು ಹೇಳಬಹುದು. ನನ್ನ ಕೈಯನ್ನಂತೂ ನಿದ್ದೆಗಣ್ಣಿನಲ್ಲೂ ಗುರುತಿಸುತ್ತಿದ್ದರು. ಬೇತಮಂಗಲದ ಪಕ್ಕದ ನಮ್ಮೂರಿನಲ್ಲಿ ಚಿಕ್ಕಂದಿನಲ್ಲಿ ಆಲೆಮನೆಯ ಗಾಣಕ್ಕೆ ಸಿಕ್ಕಿ ನನ್ನ ಬಲಗೈಯ ತೋರುಬೆರಳು ಜಜ್ಜಿಹೋಗಿತ್ತು. ಅದರಿಂದ ಮೂರು ಸಲ ಕುಟ್ಟಿದರೆ ನಾಲ್ಕನೆಯದಕ್ಕೆ ಬೆರಳು ಒಂದು ಕ್ಷಣ ತಡವರಿಸುತ್ತಿತ್ತು. ನನ್ನ ಸಂದೇಶಗಳನ್ನು ಬಂಗಾರಪೇಟೆಯಲ್ಲಿ ಕೂತು ತೆಗೆದುಕೊಳ್ಳುತ್ತಿದ್ದ ಆಪರೇಟರ್ ನರಸಿಂಹುಲು, "ನೀನು ಕುಟ್ಟೋದು ಕೇಳಿದ್ರೆ ಕುಂಟೆತ್ತು ನಡ್ದಂಗೈತೆ ಕಣ್ಲಾ" ಎಂದು ನಗುತ್ತಿದ್ದ.

ಚಿನ್ನದ ಗಣಿ ಇರುವ ಊರು, ಶತ್ರುವಿನ ವಿಮಾನ ಬಂದರೆ ಇಲ್ಲಿಗೇ ಬರುವುದು ಎಂದು ಎಲ್ಲರಿಗೂ ಹೆದರಿಕೆ. ವಿಮಾನದಾಳಿಯಾದರೆ ಹೇಗೆ ಅಡಗಬೇಕೆಂದು ಶಾಲೆಗಳಲ್ಲೆಲ್ಲ ಡ್ರಿಲ್ ಶುರುವಾಯಿತು. ಡ್ರಿಲ್ ಆಜ್ಞೆ ಬಂಗಾರಪೇಟೆಯಿಂದ ವೈರ್‌ಲೆಸ್‌ನಲ್ಲಿ ನನಗೆ ಬರುತ್ತಿತ್ತು. ನಾನು ಫೋನ್ ಮಾಡಿ ಶಾಲೆಗೆ ತಿಳಿಸುತ್ತಿದ್ದೆ. ಪ್ರತಿ ಶಾಲೆಯಲ್ಲೂ ಮಕ್ಕಳ ರಕ್ಷಣೆಗೆಂದು ಒಬ್ಬ ಮೇಷ್ಟ್ರನ್ನು ನೇಮಿಸಿದ್ದರು. ಅವರನ್ನು ವಾರ್ಡನ್ ಮೇಷ್ಟ್ರು ಎನ್ನುತ್ತಿದ್ದರು. ಗಂಟೆ ಬಾರಿಸಿದೊಡನೆ ಮಕ್ಕಳು ಕಂದಕಕ್ಕೆ ಇಳಿಯಬೇಕು ಎಂದು ಸರ್ಕಾರದ ಕಾಗದ ಬಂದಿತ್ತು. ಆದರೆ ಲೈನಿನ ಪಕ್ಕದ ಶಾಲೆಯ ಅಂಗಳ ಬರೀ ಬಂಡೆ, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಕಂದಕ ತೋಡಲಾಗಲಿಲ್ಲ. ಅದಕ್ಕೆ ವಾರ್ಡನ್ ಮೇಷ್ಟ್ರು ಒಂದು ಉಪಾಯ ಮಾಡಿದರು. ಕಲ್ಲಿನ ಕಾಂಪೌಂಡ್ ಗೋಡೆಯ ಬುಡದಲ್ಲಿ ಮಕ್ಕಳು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಕಿವಿ ಮುಚ್ಚಿಕೊಳ್ಳಬೇಕು. ಸೀಟಿ ಊದುವವರೆಗೂ ಏಳುವಂತಿಲ್ಲ. ಎದ್ದರೆ ಬೆತ್ತ.

ಇದು ಆ ಊರಿಗೆ ತಿರುವುಮುರುವಾದ ಪಾಠ. ಕೆ.ಜಿ.ಎಫ್‌ನಲ್ಲಿ ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ನೆಲ ನಡುಗುತ್ತದೆ. ತಟ್ಟೆ ಲೋಟ ಉರುಳುತ್ತವೆ, ಗೋಡೆಗಳು ಬಿರುಕುಬಿಡುತ್ತವೆ. ಆಗ ಗೋಡೆ ಬಿಟ್ಟು ಬಯಲಿಗೆ ಓಡಬೇಕು ಎಂದು ಅಲ್ಲಿನ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಥ ಮಕ್ಕಳನ್ನು ಗೋಡೆಗೆ ಅಂಟಿಕೊಂಡು ಕೂರುವಂತೆ ನಾವು ಪಳಗಿಸಿದೆವು. ಆ ಗೋಡೆಯಲ್ಲಿ ಆಗಲೇ ಕೈ ತೂರುವಷ್ಟು ಬಿರುಕಿತ್ತು. ಅದನ್ನು ನಾನೂ ನೋಡಿದ್ದೆ.

ನಾನು ಬಾಡಿಗೆಗಿದ್ದದ್ದು ಮುನಿಯಮ್ಮ ಎಂಬಾಕೆಯ ಮನೆಯ ಮುಂದಿನ ಕೋಣೆಯಲ್ಲಿ. ಗಂಡ ಗಣಿಯಲ್ಲಿ ತೀರಿಹೋದ ಮೇಲೆ ಆಕೆ ಕೂಲಿ ಮಾಡಿ ಒಬ್ಬಳೇ ಮಗಳನ್ನು ಸಾಕುತ್ತಿದ್ದಳು. ಹುಡುಗಿಯ ಹೆಸರು ಚಂದ್ರಾ, ಮೂರನೆಯ ಕ್ಲಾಸು, ಅದೇ ಶಾಲೆ. ಅಮ್ಮನ ಜೊತೆ ತಮಿಳು, ನನ್ನ ಜೊತೆ ಕನ್ನಡ, ಎದುರುಮನೆಯ ಮುದುಕಿಯನ್ನು ಬೈಯಲು ತೆಲುಗು. ಒಂದು ದಿನ ಅಳುತ್ತಾ ಬಂದಳು. ಡ್ರಿಲ್‌ನಲ್ಲಿ ಕಾಲು ಜೋಮು ಹಿಡಿಯಿತೆಂದು ಎದ್ದಿದ್ದಕ್ಕೆ ಮೇಷ್ಟ್ರು ಅಂಗೈಗೆ ಎರಡು ಬಿಟ್ಟಿದ್ದರಂತೆ. ನಾನು ಅವಳನ್ನು ಕೂರಿಸಿಕೊಂಡು ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿದೆ. "ಏನೇ ಆದ್ರೂ ಸೀಟಿ ಕೇಳೋ ತನಕ ಏಳಬಾರ್ದು ಕಣಮ್ಮಾ. ಪೊಲೀಸ್ ಮಾವ ಹೇಳ್ತಿದೀನಿ." ಮಗು ತಲೆಯಾಡಿಸಿತು. ಆ ಬಾಯಿಗೆ ಮಣ್ಣು ಹಾಕ, ಎಂದು ನನ್ನನ್ನು ನಾನೇ ಎಷ್ಟು ಸಲ ಶಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಮತ್ತು ಕಳಿಸಿದ ಅಧಿಕಾರಿಯ ಹೆಸರು ಇರಬೇಕು. ಅವೆರಡೂ ಇಲ್ಲದ್ದನ್ನು ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳಬಹುದೇ ಹೊರತು ಮುಂದಕ್ಕೆ ತಿಳಿಸುವಂತಿಲ್ಲ. ನಾನು ಹೇಳಹೊರಟ ದಿನಕ್ಕೆ ಹದಿನೈದು ದಿನ ಮೊದಲು ಸಂಖ್ಯೆಯಿಲ್ಲದ ಒಂದು ಸಂದೇಶವನ್ನು ನಂಬಿ ನಾನು ಒಂದು ಡ್ರಿಲ್ ನಿಲ್ಲಿಸಿದ್ದೆ. ಇನ್‌ಸ್ಪೆಕ್ಟರು ಎಲ್ಲರ ಮುಂದೆ ನಿಲ್ಲಿಸಿ ನೀರಿಳಿಸಿದ್ದರು, ಕೈಗೆ ಮೆಮೊ ಕೊಟ್ಟಿದ್ದರು. ಮತ್ತೊಮ್ಮೆ ಹೀಗಾದರೆ ಮನೆಗೆ ಹೋಗಿ ದನ ಕಾಯಿ ಎಂದಿದ್ದರು.

ಆ ದಿನ ಬೆಳಿಗ್ಗೆ ಹತ್ತು ಮುಕ್ಕಾಲಿಗೆ ಬಂಗಾರಪೇಟೆಯಿಂದ ಡ್ರಿಲ್ ಆಜ್ಞೆ ಬಂತು. ಹನ್ನೊಂದೂವರೆಗೆ ಲೈನಿನ ಶಾಲೆಯಲ್ಲಿ ಡ್ರಿಲ್. ಸಂಖ್ಯೆ, ಹೆಸರು ಎಲ್ಲ ಸರಿಯಾಗಿತ್ತು. ಫೋನ್ ಮಾಡಿ ವಾರ್ಡನ್ ಮೇಷ್ಟ್ರಿಗೆ ತಿಳಿಸಿದೆ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಹೆಡ್‌ಫೋನಿನಲ್ಲಿ ಮತ್ತೆ ಕುಟ್ಟುವ ಸದ್ದು ಬಂತು. ಸದ್ದು ಸಣ್ಣಗಿತ್ತು, ಆದರೆ ಸ್ಪಷ್ಟವಾಗಿತ್ತು. ಅಭ್ಯಾಸಬಲದಿಂದ ಪೆನ್ಸಿಲ್ ತೆಗೆದುಕೊಂಡು ಅಕ್ಷರ ಬರೆಯತೊಡಗಿದೆ. ಮೊದಲು ಬಂದದ್ದು ಕಳಿಸುವ ಠಾಣೆಯ ಗುರುತು. ಅದು ನಮ್ಮದೇ ಠಾಣೆಯ ಗುರುತು. ಆಮೇಲೆ ಮಾತು: ಡ್ರಿಲ್ ನಿಲ್ಲಿಸಿ. ಮಕ್ಕಳನ್ನು ಗೋಡೆಯಿಂದ ಎಬ್ಬಿಸಿ. ಇದೇ ಎರಡು ಸಲ ಬಂತು. ಸಂಖ್ಯೆಯಿಲ್ಲ, ಹೆಸರಿಲ್ಲ. ಎರಡನೆಯ ಸಲ ಕೇಳುವಾಗ ಗಮನಿಸಿದೆ. ಮೂರು ಸಲ ಕುಟ್ಟಿದ ಮೇಲೆ ನಾಲ್ಕನೆಯದಕ್ಕೆ ಒಂದು ತಡವರಿಕೆ. ಅದು ನನ್ನ ಕೈ. ನನ್ನ ಬಲಗೈಯಲ್ಲಿ ಪೆನ್ಸಿಲ್ ಇತ್ತು. ಕೀ ಮೇಜಿನ ಮೇಲೆ, ನನ್ನ ಕಣ್ಣೆದುರಿಗೆ, ಅಲ್ಲಾಡದೆ ಕೂತಿತ್ತು.

ಕೂಡಲೇ ಬಂಗಾರಪೇಟೆಗೆ ಕುಟ್ಟಿ ಕೇಳಿದೆ, ಈಗ ನೀನು ಏನಾದರೂ ಕಳಿಸಿದೆಯಾ ಎಂದು. ಇಲ್ಲ ಎಂದು ನರಸಿಂಹುಲುವಿನ ಉತ್ತರ ಬಂತು. ಕೇಳಿದ್ದನ್ನು ಹೊತ್ತು ಸಮೇತ ಲಾಗ್ ಪುಸ್ತಕದಲ್ಲಿ ಬರೆದೆ, ಕಳಿಸಿದವರು ಯಾರೋ ತಿಳಿಯದು ಎಂದೂ ಬರೆದೆ. ಫೋನ್ ಎತ್ತಿದೆ. ಎತ್ತಿ ಏನು ಹೇಳಲಿ? ನನ್ನ ಕೈ ನನಗೇ ಸಂದೇಶ ಕಳಿಸಿದೆ, ಡ್ರಿಲ್ ನಿಲ್ಲಿಸಿ ಎನ್ನಲೇ? ಮೆಮೊ ನೆನಪಾಯಿತು. ಇನ್‌ಸ್ಪೆಕ್ಟರ ಮುಖ ನೆನಪಾಯಿತು. ನಿಜ ಹೇಳುತ್ತೇನೆ, ಚಂದ್ರಾಳ ಮುಖವೂ ನೆನಪಾಯಿತು. ಫೋನ್ ಕೆಳಗಿಟ್ಟೆ. ಇಪ್ಪತ್ತೈದು ನಿಮಿಷ ಗೋಡೆ ಗಡಿಯಾರ ನೋಡುತ್ತಾ ಕೂತೆ. ಮೂರು ಸಲ ಫೋನಿನ ಮೇಲೆ ಕೈಯಿಟ್ಟು ಮೂರು ಸಲವೂ ತೆಗೆದೆ. ಹನ್ನೊಂದೂವರೆಗೆ ದೂರದಿಂದ ಶಾಲೆಯ ಗಂಟೆ ಕೇಳಿಸಿತು.

ಅದಾಗಿ ನಾಲ್ಕೈದು ನಿಮಿಷಕ್ಕೆ ನೆಲ ಒಮ್ಮೆ ಎದ್ದು ಕೂತಂತಾಯಿತು. ಮಸಿಕುಡಿಕೆ ಉರುಳಿತು, ಹೆಂಚು ಗಲಗಲ ಎಂದವು. ನಾವೆಲ್ಲ ಆ ಊರಿನ ರೂಢಿಯಂತೆ ಬಯಲಿಗೆ ಓಡಿದೆವು. ನಾನೂ ಓಡಿದೆ, ನೋಡಿ. ಬಯಲಲ್ಲಿ ನಿಂತು ಶಾಲೆಯ ಕಡೆ ನೋಡಿದರೆ ದೂಳು ಏಳುತ್ತಿತ್ತು. ಒಳಗೆ ಫೋನ್ ಬಡಿದುಕೊಳ್ಳತೊಡಗಿತು. ಎತ್ತಿದರೆ ವಾರ್ಡನ್ ಮೇಷ್ಟ್ರು. ಗೋಡೆ, ಗೋಡೆ ಎಂಬುದನ್ನು ಬಿಟ್ಟು ಅವರ ಬಾಯಿಂದ ಬೇರೆ ಮಾತು ಹೊರಡಲಿಲ್ಲ. ಡಾಕ್ಟರನ್ನೂ ಆಂಬುಲೆನ್ಸನ್ನೂ ಕಳಿಸಿ ಎಂದು ಬಂಗಾರಪೇಟೆಗೆ ಕುಟ್ಟಿ ಶಾಲೆಗೆ ಓಡಿದೆ.

ನೆಲ ನಡುಗಿದಾಗ ಕೆಲವು ಪೋಕರಿ ಮಕ್ಕಳು ಡ್ರಿಲ್ಲೂ ಇಲ್ಲ ಗಿಲ್ಲೂ ಇಲ್ಲ ಎಂದು ಎದ್ದು ಬಯಲಿಗೆ ಓಡಿದ್ದರು. ಅವರಿಗೆ ಒಂದು ತರಚುಗಾಯವೂ ಇರಲಿಲ್ಲ. ಸೀಟಿಗೆ ಕಾದು ಕೂತವರ ಮೇಲೆ ಗೋಡೆ ಬಿತ್ತು. ಬಹಳ ಮಕ್ಕಳಿಗೆ ಕೈಕಾಲು ಮುರಿದವು. ಮೂವರು ಉಳಿಯಲಿಲ್ಲ. ಅವರಲ್ಲಿ ಒಬ್ಬಳಾದ ಚಂದ್ರಾಳನ್ನು ಎತ್ತಿದವನು ನಾನೇ. ಕಿವಿ ಮುಚ್ಚಿಕೊಂಡ ಕೈ ಇನ್ನೂ ಹಾಗೇ ಇತ್ತು.

ವಿಚಾರಣೆಗೆ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ಗೋಡೆಯಲ್ಲಿ ಬಿರುಕು ಏಕಿತ್ತು, ಅದರ ಬುಡದಲ್ಲಿ ಮಕ್ಕಳನ್ನು ಏಕೆ ಕೂರಿಸಿದಿರಿ ಎಂದು ಅವರು ಯಾರನ್ನೂ ಕೇಳಲಿಲ್ಲ. ಅವರ ಕಣ್ಣು ಬಿದ್ದದ್ದು ನನ್ನ ಲಾಗ್ ಪುಸ್ತಕದ ಮೇಲೆ. ಬಾಗಿಲು ಹಾಕಿಸಿ ತಣ್ಣಗೆ ಹೇಳಿದರು, "ನೋಡ್ರೀ, ಇದು ನಿಜ ಅಂದ್ರೆ ಡ್ರಿಲ್‌ಗೆ ಇಪ್ಪತ್ತೈದು ನಿಮಿಷ ಮೊದಲೇ ಗೊತ್ತಿದ್ದೂ ನೀವು ಸುಮ್ಮನೆ ಕೂತಿದ್ರಿ. ಕೆಲಸ ಹೋಗುತ್ತೆ, ಕೇಸೂ ಆಗುತ್ತೆ. ಸುಳ್ಳು ಅಂದ್ರೆ ಮಕ್ಕಳು ಹೋದ ದುಃಖದಲ್ಲಿ ಆಮೇಲೆ ಬರೆದಿದ್ದೀರಿ. ಹಾಗಿದ್ರೆ ಅದರ ಮೇಲೆ ಒಂದು ಗೆರೆ ಎಳೆದು ಸಹಿ ಹಾಕಿ. ಯಾವುದು ಬೇಕೋ ನೀವೇ ಹೇಳಿ." ನಾನು ಗೆರೆ ಎಳೆದೆ. ಸಹಿಯನ್ನೂ ಹಾಕಿದೆ. ಬಂಡೆ ಸಿಡಿದು ಗೋಡೆ ಬಿತ್ತು ಎಂದು ವರದಿಯಾಯಿತು. ಡ್ರಿಲ್‌ನ ಮಾತೇ ಅದರಲ್ಲಿರಲಿಲ್ಲ. ಶಾಲೆಯಲ್ಲಿ ಶಿಸ್ತು ಚೆನ್ನಾಗಿತ್ತು ಎಂದು ವಾರ್ಡನ್ ಮೇಷ್ಟ್ರಿಗೆ ಒಂದು ಒಳ್ಳೆಯ ಮಾತೂ ಸಿಕ್ಕಿತು. ಥೂ ಎನ್ನಬೇಕೆನಿಸುತ್ತದೆ. ಆದರೆ ಆ ವರದಿಗೆ ದಾರಿ ಮಾಡಿಕೊಟ್ಟವನು ನಾನೇ.

ತಿಂಗಳಾದ ಮೇಲೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನರಸಿಂಹುಲು ಸಿಕ್ಕಿದ. ನನ್ನನ್ನು ಕಂಡು ಮುಖ ತಿರುಗಿಸಿದ, ಆಮೇಲೆ ತಾನೇ ಹತ್ತಿರ ಬಂದ.

"ನಾನೂ ಕೇಳ್ದೆ ಕಣ್ಲಾ, ಅವತ್ತು. ನಿನ್ ಕೈಯೇ. ಏನೋ ಸುಮ್ನೆ ಕುಟ್ತಾ ಅವ್ನೆ ಅಂದ್ಕಂಡೆ."

"ಮತ್ತೆ ನಾನು ಕೇಳ್ದಾಗ ಯಾಕ್ಲಾ ಹೇಳ್ಲಿಲ್ಲ?"

"ನಾನು ಕಳ್ಸಿದ್ನಾ ಅಂತ ಅಷ್ಟೇ ನೀನು ಕೇಳಿದ್ದು. ನಾನು ಇಲ್ಲ ಅಂದೆ. ವಿಚಾರಣೇಲಿ ಏಳಿದ್ರೆ ನನ್ ತಲೆಗೇ ಬತ್ತದೆ. ನಂಗೂ ಎಂಡ್ರು ಮಕ್ಳು ಅವ್ರೆ."

ಈಗಲಾದರೂ ಬರೆದುಕೊಡು ಎಂದೆ. ಅವನು ನನ್ನನ್ನು ಕೆಕ್ಕರಿಸಿ ನೋಡಿ, "ನೀನೇ ಗೆರೆ ಎಳ್ದಲ್ಲೋ, ನನ್ನೇನು ಕೇಳ್ತೀಯ" ಎಂದ. ರೈಲು ಬಂತು, ಹತ್ತಿಕೊಂಡು ಹೋದ. ಅವನು ಹೇಳಿದ್ದು ಸರಿ.

ಆಮೇಲೆ ಎಷ್ಟೋ ಜನರನ್ನು, ಬೇರೆ ಯಾರಿಗೋ ಆದದ್ದು ಎಂಬಂತೆ, ಕೇಳಿ ನೋಡಿದೆ. ಕಳಿಸಿದ ಸಂದೇಶ ಭೂಮಿ ಸುತ್ತಿ ಬಂದು ಮತ್ತೆ ಕೇಳಿಸುವುದುಂಟು ಎಂದು ಒಬ್ಬ ಇಂಜಿನಿಯರು ಹೇಳಿದರು. ಅದು ಕಳಿಸಿದ ಮೇಲಿನ ಮಾತು. ಆ ಎರಡು ವಾಕ್ಯವನ್ನು ನಾನು ಮೊದಲೂ ಕಳಿಸಿರಲಿಲ್ಲ, ಆಮೇಲೂ ಕಳಿಸಲಿಲ್ಲ, ಜೀವನದಲ್ಲೇ ಕುಟ್ಟಲಿಲ್ಲ. ಯಾರೋ ಕೀಟಲೆಗೆ ನನ್ನ ಕೈಯನ್ನು ಅಣಕಿಸಿದರು ಎನ್ನೋಣವೆಂದರೆ, ಗೋಡೆ ಬೀಳುವುದು ಕೀಟಲೆ ಮಾಡುವವನಿಗೆ ಹೇಗೆ ಗೊತ್ತು? ನನ್ನ ತಲೆಯೇ ಕೆಟ್ಟಿತ್ತು ಎನ್ನೋಣವೆಂದರೆ, ಎಂಟು ಮೈಲಿ ಆಚೆ ನರಸಿಂಹುಲುವಿಗೆ ಕೇಳಿಸಿದ್ದು ಹೇಗೆ? ಎಷ್ಟು ಯೋಚಿಸಿದರೂ ತಲೆಬುಡ ಹತ್ತಲಿಲ್ಲ. ಇವತ್ತಿಗೂ ಹತ್ತಿಲ್ಲ.

ವರ್ಗವಾಗಿ ಊರು ಬಿಡುವ ದಿನ ಕೋಣೆಯ ಬೀಗದಕೈ ಕೊಡಲು ಮುನಿಯಮ್ಮನ ಬಳಿ ಹೋದೆ. ಆಕೆ ಒಲೆಯ ಮುಂದೆ ಕೂತಿದ್ದಳು. ಕೂರಿ ಎಂದಳು. ಒಲೆಯ ಕಡೆಯೇ ನೋಡುತ್ತಾ ಕೇಳಿದಳು.

"ಒಂದ್ ಮಾತು ಕೇಳ್ತೀನಿ ಸಾಮಿ, ಬೇಜಾರ್ ಮಾಡ್ಕಬ್ಯಾಡಿ. ಪೊಲೀಸ್ನೋರ್ಗೆ ಮೊದ್ಲೇ ಗೊತ್ತಾಗಿತ್ತು ಅಂತ ಲೈನ್ನಾಗೆ ಯಾರೋ ಅಂದ್ರು. ಅವುದಾ?"

ಅವತ್ತು ನನಗೆ ಯಾವ ಇನ್‌ಸ್ಪೆಕ್ಟರ ಹೆದರಿಕೆಯೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಯಾರೂ ಗೆರೆ ಎಳೆ ಎಂದಿರಲಿಲ್ಲ.

"ಇಲ್ಲಮ್ಮ," ಎಂದೆ, "ಯಾರಿಗೂ ಗೊತ್ತಿರಲಿಲ್ಲ."

ಆಕೆ ದೊಡ್ಡದಾಗಿ ಉಸಿರುಬಿಟ್ಟಳು. ಎಷ್ಟೋ ದಿನದಿಂದ ಎದೆಯ ಮೇಲಿದ್ದುದನ್ನು ಇಳಿಸಿದ ಹಾಗಿತ್ತು.

"ನಂಗೊತ್ತಿತ್ತು, ಓಗ್ಲಿ ಬುಡಿ. ಗೊತ್ತಿದ್ರೆ ನೀವು ಸುಮ್ಕೆ ಕೂತಿರ್ತಿದ್ರಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ನನಗೆ ಕಾಫಿ ಕಾಸಿ ಕೊಟ್ಟಳು. ನಾನು ಕುಡಿದೆ.