ಬಾಗಿಲು ತೆಗೆದವರ ಮನೆ

ಊರಲ್ಲಿ ನಮ್ಮ ಮನೆಗೆ ಇರೋ ಹೆಸರು ‘ಬಾಗಲಾ ತಗದವರ ಮನಿ’. ಒಂದು ಕಾಲಕ್ಕೆ ಆ ಊರೇ ಪುಟ್ಟ ರಾಜ್ಯ. ಪಕ್ಕದ ದೊಡ್ಡ ರಾಜ ದಂಡು ಕಟ್ಟಿಕೊಂಡು ಬಂದು ತಿಂಗಳುಗಟ್ಟಲೆ ಕೋಟೆಗೆ ಮುತ್ತಿಗೆ ಹಾಕಿದರೂ ನಮ್ಮವರು ಬಗ್ಗಲಿಲ್ಲವಂತೆ. ಕಡೆಗೆ ಹಿಂದಿನ ದಿಡ್ಡಿ ಬಾಗಿಲನ್ನು ಒಬ್ಬ ಒಳಗಿನಿಂದಲೇ ತೆಗೆದ. ಅವನು ನಮ್ಮ ಮನೆತನದ ಹಿರಿಯ. ಎಷ್ಟು ತಲೆಮಾರು ಕಳೆದರೂ ದಸರೆಯಲ್ಲಿ ಬನ್ನಿ ಎಲೆ ಕೊಡೋಕೆ ಬಂದವರು ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗೇ ನಿಂತು ಕೈಗಿಟ್ಟು ಹೋಗುವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಚಿಕ್ಕವಳಿದ್ದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮೆರಿಕದ ಕರ್ಕ್‌ಲ್ಯಾಂಡಿಗೆ ಬಂದಮೇಲೆ ಪೀಡೆ ತೊಲಗಿತು ಅಂದುಕೊಂಡೆ. ಹೋದ ವರ್ಷ ಹತ್ತು ವರ್ಷದ ಮಗಳು ಶಾಲೆಯ ಪ್ರಾಜೆಕ್ಟಿಗೆ ಮನೆತನದ ಕಥೆ ಕೇಳಿದಳು. ನಿಜ ಬಾಯಿಗೇ ಬರಲಿಲ್ಲ. “ನಮ್ಮ ಹಿರ್ಯಾ ಕೋಟಿ ಬಾಗಲಾ ಕಾಯಕೋತ ಸತ್ತ” ಅಂದುಬಿಟ್ಟೆ. ಅವಳು ದೊಡ್ಡ ಹಾಳೆಯಲ್ಲಿ ಚಿತ್ರ ಬಿಡಿಸಿ, ತರಗತಿಯ ಮುಂದೆ ನಿಂತು ಓದಿ ಬಂದಳು.

ಆ ದಸರೆಗೆ ಹತ್ತಿರದ ಸ್ನೊಕ್ವಾಲ್ಮಿ ಊರಿಂದ ಒಬ್ಬರು ಅಕ್ಕ ಬಂದರು. ನಮ್ಮೂರಿನವರೇ, ಇಲ್ಲಿಗೆ ಹೊಸಬರು. ಮನೆತನ ಯಾವುದು ಅಂತ ಫೋನಿನಲ್ಲೇ ಕೇಳಿದ್ದರು, ಹೇಳಿದ್ದೆ. ಆದರೂ ಬಂದರು. ಒಳಗೆ ಬಂದು, ಕೂತು, ಹೋಳಿಗೆ ಮುರಿದರು. ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಗಳು ಆ ಹಾಳೆ ತಂದು ಅವರ ಮುಂದೆ ಹಿಡಿದು, ಇಂಗ್ಲಿಷಿನಲ್ಲಿ ಕಥೆ ಶುರು ಮಾಡಿದಳು.

ಅಕ್ಕ ಪೂರ್ತಿ ಕೇಳಿದರು. ಒಮ್ಮೆ ನನ್ನ ಕಡೆ ನೋಡಿದರು. “ಚಿತ್ರಾ ಭಾಳ ಛಂದ ತಗದೀ ನೋಡವಾ” ಅಂದರು, ಅಷ್ಟೇ.

ಆ ಕನಿಕರ ನನಗೆ ತಡೆಯಲಾಗಲಿಲ್ಲ. ಊರಿನವರ ತಾತ್ಸಾರವೇ ವಾಸಿ.

“ನಾ ಸುಳ್ಳ ಹೇಳೀನಿ, ಪುಟ್ಟಿ. ಬಾಗಲಾ ತಗದಾಂವನ ಅವಾ.”

ಜನ ಸತ್ತರಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಸತ್ತರು ಅಂದೆ. ಈ ಆಂಟಿಯ ಮನೆತನದವರೂ ಸತ್ತರು ಅಂದೆ.

“ಹೋಗ್ಲಿ ಬಿಡವಾ, ಯಾವ ಕಾಲದ ಮಾತು” ಅಂತ ಅಕ್ಕ ಅವಳ ತಲೆ ಸವರಿದರು. ಮಗಳು ಅತ್ತ ನೋಡಲೇ ಇಲ್ಲ. ಆ ಹಿರಿಯನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಯಾವತ್ತೂ ಕನ್ನಡದಲ್ಲಿ ಉತ್ತರ ಕೊಡದವಳು ಅವತ್ತು ಕನ್ನಡದಲ್ಲೇ ಕೇಳಿದಳು.

“ಮತ್ತೇನೇನು ಸುಳ್ಳು ಹೇಳಿದಿ ನನಗ, ಅಮ್ಮಾ?”

ಏನೂ ಇಲ್ಲ ಅಂದೆ. ಈಗಲೂ ನಾನು ಊರಿನ ಯಾವ ಮಾತು ಹೇಳಿದರೂ ಸುಮ್ಮನೆ ಕೇಳಿಸಿಕೊಂಡು, ರೂಮಿಗೆ ಹೋಗಿ, ಅಕ್ಕನಿಗೆ ಫೋನ್ ಮಾಡಿ ಅದು ನಿಜವಾ ಅಂತ ಕೇಳುತ್ತಾಳೆ.