ಬರುವ ವರ್ಷದ ಮಡಿಕೆ

ಹೊಲಿಗೆ ಮಷಿನ್ ರಿಪೇರಿಗೆಂದು ಹಾನಗಲ್ಲಿನಿಂದ ಸವಣೂರಿನವರೆಗೆ ತಿರುಗುವವನು ನಾನು. ಬಾಯಿ ಸ್ವಲ್ಪ ಜಾಸ್ತಿ. ದುಂಡಸಿಯ ಒಂದು ಮನೆಯಲ್ಲಿ ಮಷಿನ್ ಬಿಚ್ಚಿದವನೇ ರೇಗಿದೆ: "ಎಣ್ಣಿ ಬಿಡದ ಹಿಂಗ ಜಂಗ್ ಹಿಡಿಸ್ಯಾರಲ್ರಿ! ಹೊಲಿಯೋರನ್ನ ಕರೀರಿ ಇಲ್ಲೆ."

"ಆಕಿ ನನ್ನ ಮಗಳ್ರಿ," ಎಂದಳು ಮನೆಯ ಅವ್ವ. "ನಾಕು ವರ್ಷ ಕಿಡ್ನಿ ಬ್ಯಾನಿ ಅನುಭವಿಸಿ, ಹ್ವಾದ ದೀಪಾವಳಿ ಮುಂದ ಹೋದ್ಲು. ಇಪ್ಪತ್ತಾರು ತುಂಬಿದ್ದಿಲ್ಲ."

ಮುಖ ಎತ್ತಲಾಗದೆ ಮಷಿನ್ ಒರೆಸಿದೆ. ಪಕ್ಕದಲ್ಲಿ ಚಿಕ್ಕ ಹುಡುಗಿಯ ಶಾಲೆಯ ಲಂಗವಿತ್ತು. ಆಕಿ ಮಗಳದು, ಗಿಡ್ಡ ಆಗೇತಿ ಎಂದಳು ಅವ್ವ. ಆಡಿದ ಮಾತಿಗೆ ಪ್ರಾಯಶ್ಚಿತ್ತವೆಂಬಂತೆ ಲಂಗ ತೆಗೆದುಕೊಂಡು ಅಂಚಿನ ಹೊಲಿಗೆ ಬಿಚ್ಚಿದೆ. ಒಳಗೆ ಇನ್ನೊಂದು ಮಡಿಕೆ, ಅದಕ್ಕೆ ಬೇರೆ ಹೊಲಿಗೆ. ಅದಕ್ಕೂ ಬ್ಲೇಡ್ ಇಟ್ಟೆ. ಅವ್ವ ಗಪ್ಪನೆ ನನ್ನ ಮುಂಗೈ ಹಿಡಿದಳು.

"ಬ್ಯಾಡ್ರಿ, ಅದು ಬರೂ ವರ್ಷದ್ದು!"

ನಾನು ಬ್ಲೇಡ್ ಹಿಂದಕ್ಕೆ ತೆಗೆದೆ.

"ಮೂರು ವರ್ಷಕ್ಕ ಮೂರು ಮಡಿಕಿ ಹಾಕ್ಯಾಳ್ರಿ, ಲೋಟ ಎತ್ತಾಕೂ ತ್ರಾಣ ಇಲ್ಲದಾಗ, ಹಾಸಿಗ್ಯಾಗ ಕುಂತು ಕೈಲೇ. 'ಅವ್ವಾ, ನಿನಗ ಹೊಲಿಯಾಕ ಬರೂದಿಲ್ಲ, ವರ್ಷಕ್ಕೊಂದು ಬಿಚ್ಚಿದ್ರ ಸಾಕು' ಅಂದ್ಲು. ಮೂರೂ ಮುಗಿಯೂದ್ರಾಗ ಈ ಹುಡುಗಿ ಹೊಲಿಯೂದು ಕಲೀಬೇಕಂತ. ಅದಕ್ಕ ನಿಮ್ಮನ್ನ ಕರಸೇನಿ."

ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಥ ಕೈ ಹಾಕಿದ ಹೊಲಿಗೆ ಎಲ್ಲಿಯೂ ಸೊಟ್ಟಗಾಗಿರಲಿಲ್ಲ.

ಹೊರಡುವಾಗ 'ಆರು ತಿಂಗಳು ಗ್ಯಾರಂಟಿ' ಎಂದು ಜೋರಾಗಿ ಹೇಳುವುದು ನನ್ನ ರೂಢಿ. ಮೂರು ವರ್ಷದ ಗ್ಯಾರಂಟಿ ಕೊಟ್ಟು ಹೋದವಳ ಮನೆಯಲ್ಲಿ ಆ ಮಾತು ಬಾಯಿಂದ ಹೊರಡಲೇ ಇಲ್ಲ.