ಸೋಮವ್ವ ನುಂಗಿದ ತಿಂಗಳು

ನಮ್ಮ ಮನೆಗೂ ಸೋಮವ್ವನ ಮನೆಗೂ ನಡುವೆ ಒಂದೇ ಗೋಡೆ. ಯಜಮಾನರಿಗೆ ಬನಹಟ್ಟಿಯ ಸಾಲೆಯಲ್ಲಿ ಮಾಸ್ತರಿಕೆ ಸಿಕ್ಕು ನಾನು ಸಂಸಾರ ಹೂಡಲು ಬಂದ ದಿನವೇ ಗೋಡೆಯಾಚೆಯ ನಗು ಕೇಳಿಸಿತು. ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುವ ನೇಕಾರರ ಸೊಸೆ, ಎತ್ತರದ ಹೆಂಗಸು, ಹಿಪ್ಪರಗಿಯ ಹೊಳೆದಂಡೆಯವಳು. ಗಂಡ ಮುರಗೆಪ್ಪ ಮಗ್ಗದಿಂದ ಒಂದು ಸೀರೆ ಇಳಿಸುವುದರೊಳಗೆ ಇವಳು ನಾಲ್ಕು ಮಗ್ಗಕ್ಕಾಗುವಷ್ಟು ಕಂಡಿಕೆ ಸುತ್ತಿ, ಓಣಿಯ ಸುದ್ದಿಯನ್ನೆಲ್ಲ ಅದರೊಂದಿಗೇ ಸುತ್ತಿಡುತ್ತಿದ್ದಳು.

ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿಲ್ಲ. ನಾಲ್ಕು ವರ್ಷದ ಹಿಂದೆ ಒಮ್ಮೆ ತಿಂಗಳ ಮೇಲೆ ಹತ್ತು ದಿನವಾದರೂ ಹೊರಗಾಗಿಲ್ಲವೆಂದು ಅತ್ತೆ ಗುರುಬಸವ್ವನವರಿಗೆ ಹೇಳಿದ್ದಳಂತೆ. ಅವರು ಆ ಸಂಜೆಯೇ ಓಣಿಗೆಲ್ಲ ಸಕ್ಕರೆ ಹಂಚಿದರು. ಮೂರನೆಯ ದಿನ ಸೋಮವ್ವ ಹೊರಗಾದಳು. ಅಂದಿನಿಂದ ಬಾವಿಕಟ್ಟೆಯಲ್ಲಿ ಅವಳ ಹೆಸರು ಸಕ್ರಿ ಸೋಮವ್ವ. "ಏ ಸಕ್ರಿ, ಹಗ್ಗಾ ಕೊಡ ಬೇ" ಅಂತ ಎದುರುಮನೆಯ ಪದ್ಮವ್ವ ಕೂಗಿದರೆ ನಗುತ್ತಲೇ ಕೊಡುತ್ತಿದ್ದಳು. ಆದರೆ ನನ್ನ ಮಗಳು ಅಲಕಾಳಿಗೆ ಎಣ್ಣೆ ತಿಕ್ಕುತ್ತ ಒಮ್ಮೆ ನನಗೆ ಅಂದಿದ್ದಳು, "ಬಾಯಾರ, ಇನ್ನೊಮ್ಮೆ ಬಸರಾದರ ಕೂಸ ಹೊರಗ ಬಂದು ತಾನ ಹೇಳ್ಲಿ. ನಾ ಮಾತ್ರ ಬಾಯಿ ತಗಿಯಾಂಗಿಲ್ಲ."

ಗಣೇಶ ಚೌತಿಯ ಹಿಂದಿನ ದಿನ, ರವಿವಾರ, ಹಿತ್ತಲ ಬಾಗಿಲಿಂದ ನುಗ್ಗಿ ಬಂದು ಅಗುಳಿ ಹಾಕಿದಳು.

"ನನ್ನ ಎಲ್ಲೆರೆ ಮುಚ್ಚಿಡ್ರೀ."

"ಯಾಕ, ಏನಾತು?"

"ನಮ್ಮತ್ತಿ ಸೋನಾಮುಖಿ ಕುದಿಸಾಕತ್ತಾಳ."

ಗುರುಬಸವ್ವನವರ ಸೋನಾಮುಖಿ ಜುಲಾಬಿನ ಹೆಸರು ಮಹಾಲಿಂಗಪುರದ ತನಕ ಇತ್ತು. ಮೇಲೆ ಔಡಲೆಣ್ಣೆ ಬೇರೆ. ಕುಡಿದವರು ಹಳ್ಳಕ್ಕೊಯ್ಯುವ ನೀರಿನ ಚರಿಗೆಯನ್ನು ಮೂರು ದಿನ ಕೈಯಿಂದ ಇಳಿಸುತ್ತಿರಲಿಲ್ಲ.

"ಒಂದ ವಾರ ಆತ್ರಿ, ಮುಂಜಾನೆದ್ದ ಕೂಡಲೆ ವಾಕರಿಕಿ. ಪಿತ್ತ ಏರೇತಿ, ಹೊಟ್ಟಿ ತೊಳದ ಬಿಡೂಣು ಅಂತಾಳ."

ನಾನು ಅವಳ ಮುಖ ನೋಡಿದೆ. ವಾಕರಿಕೆಯೊಂದನ್ನೇ ನಂಬಬಾರದು, ಪಿತ್ತಕ್ಕೂ ಬರುತ್ತದೆ. ಅದಕ್ಕೇ ಒಂದೊಂದಾಗಿ ಕೇಳಿದೆ.

"ಗಂಜಿ ವಾಸನಿ ತಡೀತದೇನು?"

"ಅಯ್ಯ, ಅದರ ಹೆಸರ ತಗೀಬ್ಯಾಡ್ರಿ! ನೂಲಿಗೆ ಗಂಜಿ ಹಚ್ಚೂ ಮನ್ಯಾಗ ಹುಟ್ಟಿದಾಕಿ ನಾ, ಈಗ ಮೂಗಿಗೆ ಸೆರಗ ಹಿಡಕೊಂಡ ತಿರಗತೇನಿ."

"ನಿದ್ದಿ?"

"ರಾಟಿ ಮುಂದ ಕುಂತಲ್ಲೇ. ನಿನ್ನೆ ಹಣಿ ಬಡಕೊಂಡ್ನಿ, ನೋಡ್ರಿ ಇಲ್ಲೆ."

"ಹಿತ್ತಲಕ್ಕ ಹೋಗೂದು?"

"ತಾಸಿಗೆ ಎರಡ ಸಲ. ಥೂ, ಅದನ್ನೂ ಕೇಳ್ತೀರೇನ್ರೀ?"

"ಎದಿ ನೋಯತದೇನು?"

ಎರಡೂ ಕೈ ಎದೆಗೆ ಅಡ್ಡ ಹಿಡಿದಳು. "ಕೈ ತಾಗಿದರ ಜೀವ ಹೋಗತೇತಿ. ಪಿತ್ತ ಎದಿಗೂ ಇಳೀತೇತೇನ್ರೀ?"

"ಸೋಮವ್ವಾ, ಇದು ಪಿತ್ತ ಅಲ್ಲ..."

ಗಬಕ್ಕನೆ ನನ್ನ ಬಾಯಿ ಮುಚ್ಚಿದಳು. "ಅನಬ್ಯಾಡ್ರಿ! ಇನ್ನ ತಿಂಗಳ ಸೈತ ತುಂಬಿಲ್ಲ. ನಾಗರ ಪಂಚಮಿಗೆ ಹೊರಗಾಗಿದ್ನಿ. ಎಲ್ಲಾರೂ ಜೋಕಾಲಿ ಜೀಕಿದ್ರು, ನಾ ಹೊಟ್ಟಿ ಹಿಡಕೊಂಡ ಕುಂತಿದ್ನಿ. ಪಂಚಮಿಗೂ ಚೌತಿಗೂ ಒಂದ ತಿಂಗಳು. ಚೌತಿ ನಾಳೆ. ಇವತ್ತ ನಾಳೆ ಆಗತೇನಿ, ಆತು."

ಓಣಿಯ ಹೆಂಗಸರೆಲ್ಲ ಹಬ್ಬದಿಂದ ಹಬ್ಬಕ್ಕೇ ಲೆಕ್ಕ ಹಿಡಿಯುವವರು. ನಾನೂ ಹಾಗೇ ಇದ್ದೆ. ಅಲಕಾಳ ಹೊತ್ತಿಗೆ ಜಮಖಂಡಿ ದವಾಖಾನೆಯಲ್ಲಿ "ಹೋಳಿ ಮುಂದ ಆಗಿತ್ರಿ" ಎಂದು ಹೇಳಿ ನರ್ಸಬಾಯಿಯಿಂದ ಬೈಸಿಕೊಂಡ ಮೇಲೆ ತಾರೀಖು ಬರೆದಿಡುವುದು ಕಲಿತೆ. ನನ್ನದಷ್ಟೇ ಅಲ್ಲ. ಸೋಮವ್ವ ಬಾರದ ದಿನ ನನ್ನ ಮನೆ ತಲೆಕೆಳಗಾಗುತ್ತಿದ್ದುದರಿಂದ ಅವಳದೂ ದಿನಚರಿಯಲ್ಲಿ ಬೀಳುತ್ತಿತ್ತು. ತೆಗೆದು ಓದಿದೆ: "ಜುಲೈ ಇಪ್ಪತ್ನಾಲ್ಕು. ಪಂಚಮಿ. ಸೋಮವ್ವ ಹೊರಗಾಗಿದ್ದಾಳೆ. ಕೂಸನ್ನು ಎತ್ತಿಕೊಳ್ಳುವವರಿಲ್ಲ. ಅನ್ನ ಹೊತ್ತಿತು."

ಅಲ್ಲಿಂದ ಹಾಳೆ ತಿರುವಿದೆ. ತಿರುವಿಯೇ ತಿರುವಿದೆ. ಇಷ್ಟೇಕೆ ಹಾಳೆ? ನಡುವೆ ಒಂದು ತುಪ್ಪದ ಕಲೆ, ಅದರ ಪಕ್ಕದಲ್ಲಿ ನನ್ನದೇ ಅಕ್ಷರ: "ಅಧಿಕ ಮಾಸವೆಂದು ಅವ್ವ ಜಮಖಂಡಿಯಿಂದ ಅಳಿಯನಿಗೆ ಮೂವತ್ಮೂರು ಅಕ್ಕಿ-ಬೆಲ್ಲದ ಅನಾರಸ ಕರಿದು ಕಳಿಸಿದ್ದಾಳೆ. ಸೋಮವ್ವ ನಾಲ್ಕು ತಿಂದಳು."

ನನಗೆ ನಗು ತಡೆಯಲಾಗಲಿಲ್ಲ. "ಸೋಮವ್ವಾ, ಈ ವರ್ಷ ಭಾದ್ರಪದ ಎರಡು ಬಂದಾವ! ನಡುವ ಒಂದು ತಿಂಗಳು ಇಡಿಯಾಗಿ ನುಂಗೀಯಲ್ಲ ನೀ!"

"ಯಾವ ತಿಂಗಳ್ರೀ?"

"ಅನಾರಸ ತಿಂದಿ ನೋಡು, ಆ ಅಧಿಕ ಮಾಸ."

"ಅದು ನಿಮ್ಮ ಮಂದಿ ತಿಂಗಳಲ್ಲೇನ್ರೀ?" ಕಣ್ಣಗಲಿಸಿದಳು. "ನಮಗೂ ಹತ್ತತೇತಿ ಅದು?"

ಬೆರಳಿಗೆ ಉಗುಳು ಹಚ್ಚಿ ದಿನಕ್ಕೊಂದರಂತೆ ತಾನೇ ಹಾಳೆ ಎಣಿಸಿದಳು. ಮೂವತ್ತರ ತನಕ ನಗುತ್ತಿದ್ದಳು. ನಲವತ್ತಕ್ಕೆ ನಗು ನಿಂತಿತು. ಐವತ್ತಾರಕ್ಕೆ ನೆಲದ ಮೇಲೆ ಕೂತಳು.

"ಅದಕ್ಕ ಅಂತೇನಿ, ಗಣಪ್ಪ ಯಾಕ ಲಗೂ ಬರವಲ್ಲ ಅಂತ!"

"ಜಮಖಂಡಿಗೆ ಹೋಗಿ ತೋರಸೂಣು, ಆವಾಗ ಪಕ್ಕಾ ಆಗ್ತದ. ಅಲ್ಲೀತನಕ ಆ ಜುಲಾಬು ಮಾತ್ರ ಮುಟ್ಟಬ್ಯಾಡ. ಬಸರಿದ್ದರ ಅದು ಛಲೋ ಅಲ್ಲ."

"ಒಲ್ಲೆ ಅಂದರ ಯಾಕ ಅಂತಾಳ. ಯಾಕ ಅಂದರ ಹೇಳಬೇಕಾಗತೇತಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹುಸಿ ಆದರ? ಎರಡನೇ ಸಲ ನಗಾಕ ನನ್ನ ಕಡಿಂದ ಆಗಾಂಗಿಲ್ರಿ."

ಗೋಡೆಯಾಚೆಯಿಂದ ಕೂಗು ಬಂತು, "ಸೋಮೀ, ಆರಾಕತ್ತೇತಿ, ಬಾ ಲೇ!"

ಬಗಲಲ್ಲಿ ಅಲಕಾ, ಕೈಯಲ್ಲಿ ದಿನಚರಿ ಹಿಡಿದು ನಾನೂ ಜೊತೆಗೆ ಹೋದೆ. ಗುರುಬಸವ್ವ ಕಂಚಿನ ಬಟ್ಟಲು ಮುಂದೆ ಚಾಚಿದರು. ಸೋಮವ್ವ ಕೈ ಹಿಂದೆ ಕಟ್ಟಿಕೊಂಡಳು.

"ಅತ್ತೀ, ನಾ ಕುಡಿಯಾಂಗಿಲ್ಲ. ಎರಡ ತಿಂಗಳಾಗಾಕ ಬಂತು."

"ಯಾರ ಲೆಕ್ಕದಾಗ?"

"ಬಾಯಾರ ಬುಕ್ಕಿನ್ಯಾಗ ಐತಿ."

ಗುರುಬಸವ್ವ ಬಟ್ಟಲನ್ನು ಕಿಟಕಿಯಲ್ಲಿಟ್ಟು ದಿನಚರಿ ಇಸಕೊಂಡರು. ಓದು ಬಾರದು. ತಲೆಕೆಳಗಾಗಿಯೇ ಹಿಡಿದು, ನಾನು ತೋರಿಸಿದ ಹಾಳೆಗಳನ್ನು ಹೆಬ್ಬೆರಳಿನಿಂದ ಒತ್ತಿ ದಪ್ಪ ನೋಡಿದರು. ಜವಳಿಯ ಪೋತು, ನೇಯ್ಗೆಯ ಬಿಗಿ, ನೋಡುವವರ ಹಾಗೆ.

"ಇಷ್ಟ ದಿನ ಏನ್ರೀ?"

"ಹೌದ್ರೀ. ದವಾಖಾನಿಗೆ ತೋರಿಸಿದ ಮ್ಯಾಲೆ ಪಕ್ಕಾ."

"ಈ ಸಲ ಯಾರ ಮುಂದೂ ಅನಬ್ಯಾಡ್ರಿ," ಎಂದರು, ಅದೂ ಪಿಸುಮಾತಿನಲ್ಲಿ. ಅಂಥ ದೊಡ್ಡ ದನಿಯ ಮುದುಕಿ ಪಿಸುಗುಟ್ಟಿದಾಗಲೇ ನನಗೆ ಗೊತ್ತಾಯಿತು, ಸಕ್ರಿ ಎಂಬ ಆ ಹೆಸರು ಇವರಿಗೂ ನಾಲ್ಕು ವರ್ಷ ಚುಚ್ಚಿತ್ತೆಂದು.

ಅಷ್ಟರಲ್ಲಿ ತಲೆತುಂಬ ನೂಲಿನ ಜುಂಗು ಹೊತ್ತು ಮುರಗೆಪ್ಪ ಬಂದ. "ಏನ ಎಲ್ಲಾರೂ ಗಪ್ಪಾಗೇರಿ?" ಸೋಮವ್ವ ಕಿವಿಯಲ್ಲಿ ಹೇಳಿದಳು. ಅವನು ಅವಳನ್ನು ನೋಡಿದ, ತಾಯಿಯನ್ನು ನೋಡಿದ, ಯಾಕೋ ಅಲಕಾಳನ್ನೂ ನೋಡಿದ. ಬಾಯಿ ಒಣಗಿತೇನೋ, ಕೈ ತಾನಾಗಿ ಕಿಟಕಿಗೆ ಹೋಯಿತು. ನಾವು ಮೂವರೂ "ಅಯ್ಯಯ್ಯ!" ಅನ್ನುವುದರೊಳಗೆ ಬಟ್ಟಲು ಖಾಲಿ.

"ಚಹಾಕ್ಕ ಬೆಲ್ಲ ಹಾಕಿಲ್ಲೇನ ಯವ್ವಾ?" ಅಂದ.

ಜಮಖಂಡಿಯ ನರ್ಸಬಾಯಿ ಮುಂದಿನ ವಾರ ನೋಡಿ ಹೌದೆಂದಳು, ಏಪ್ರಿಲ್ ಕೊನೆಗೆ ಎಂದು ಚೀಟಿ ಬರೆದುಕೊಟ್ಟಳು. ಓಣಿ ಅಷ್ಟು ದಿನ ಕಾಯಲಿಲ್ಲ. ಚೌತಿಯ ದಿನ ಮುರಗೆಪ್ಪ ಒಂಬತ್ತು ಸಲ ಹಳ್ಳದ ಕಡೆ ಓಡಿದ. ಯಾಕೆಂದು ಹೇಳಹೋದರೆ ಜುಲಾಬು ಯಾರಿಗೆ ಕುದಿಸಿದ್ದೆಂದು ಹೇಳಬೇಕು, ಅವಳೇಕೆ ಒಲ್ಲೆ ಎಂದಳೆಂದೂ ಹೇಳಬೇಕು. ಗುರುಬಸವ್ವ ಮಧ್ಯಾಹ್ನದ ತನಕ ಮಾತ್ರ ಬಾಯಿ ತಡೆದರು.

ಸಂಜೆ ಬಾವಿಕಟ್ಟೆಯಲ್ಲಿ ಪದ್ಮವ್ವ ಹಗ್ಗ ಬಿಟ್ಟು ಹತ್ತಿರ ಬಂದಳು. ಸೋಮವ್ವ ಕೊಡ ಎದೆಗವಚಿಕೊಂಡು ನಿಂತಳು.

"ಏನ ಬೇ ಸೋಮವ್ವಾ, ನಿಮ್ಮನ್ಯಾಗ ಬಸರಿ ಯಾರು? ನೀನೋ, ನಿನ್ನ ಗಂಡನೋ? ತಾ ಇಲ್ಲೆ ಕೊಡಾ. ನಿನ್ನ ಗಂಡಗ ಹೇಳ, ನಾಳಿಂದ ಅಂವ ಬಂದ ನೀರ ಸೇದ್ಲಿ."

"ಅವಂಗ ಇವತ್ತ ತುಂಬಿದ ಚರಿಗೀನ ಎತ್ತಾಕ ಬರವಲ್ದು," ಅಂದಳು ಸೋಮವ್ವ, ಕೊಡ ಪದ್ಮವ್ವನ ಕೈಗಿಡುತ್ತ.